ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್



ಭಾಷಣ ನನಗೆ ಬಾರದು. ಜೀಪಿನ ವಿಚಾರವಾದರೆ ಎರಡು ಮಾತು ಹೇಳಬಲ್ಲೆ.

ಮಲೆನಾಡಿನ ತೋಟದ ದಾರಿಗಳಲ್ಲಿ ಓಡಾಡುತ್ತಿದ್ದ ವಿಲ್ಲೀಸ್ ಮಾದರಿಯ ಹಳೇ ಫೋರ್ ವೀಲ್ ಜೀಪುಗಳಲ್ಲಿ 2.2 ಲೀಟರಿನ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ಗಟ್ಟಿ ಎಂಜಿನ್ನೇ, ಆದರೆ ಕುಡಿಯುವುದು ಜಾಸ್ತಿ. ಅದನ್ನು ಇಳಿಸಿ ಡೀಸೆಲ್ ಕೂರಿಸುವುದೇ ಗ್ಯಾರೇಜುಗಳಿಗೆ ಕೆಲಸವಾಯಿತು.

ಚೈನ್ ಬ್ಲಾಕ್ ಇದ್ದರೆ ಎತ್ತಿ ಇಡುವುದು ಸುಲಭ. ಹೊಂದಿಸುವುದೇ ಕಷ್ಟ. ಎಂಜಿನ್ನಿನ ಕ್ರ್ಯಾಂಕ್, ಗೇರ್‌ಬಾಕ್ಸಿನ ಶಾಫ್ಟ್ ಎರಡರ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್, ಕ್ಲಚ್ ಬೇಗ ಹೋಗುತ್ತವೆ. ಲೆಕ್ಕದ ಮೇಷ್ಟ್ರು ಕೈವಾರ ಹಿಡಿಸಿ ಕಲಿಸಿದ್ದು ನನಗೆ ಅನ್ನಕ್ಕೆ ಬಂದದ್ದು ಇಲ್ಲೇ. ಡೀಸೆಲ್ ಎಂಜಿನ್ ಭಾರವಾದ್ದರಿಂದ ಮುಂದಿನ ಪಟ್ಟಾಗಳನ್ನೂ ನೋಡಿಕೊಳ್ಳಬೇಕು.

ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ದಾರಿಗೆ ಥ್ರಾಟಲ್ ಎಂಬ ಬಾಗಿಲಿದೆ. ಅದು ಮುಚ್ಚಿದಾಗ ಹುಟ್ಟುವ ನಿರ್ವಾತವೇ ಬೂಸ್ಟರಿಗೆ ಬಲ. ಡೀಸೆಲ್ಲಿಗೆ ಸಾಮಾನ್ಯವಾಗಿ ಆ ಬಾಗಿಲಿಲ್ಲ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಎಷ್ಟೋ ಗಾಡಿಗಳಲ್ಲಿ ಡೈನಮೋ ಬೆನ್ನಿಗೇ ಇರುತ್ತದೆ. ಇಲ್ಲದಿದ್ದರೆ ಘಾಟಿ ಇಳಿಯುವಾಗ ಪೆಡಲ್ ಕಲ್ಲಾಗುತ್ತದೆ. ಪಂಪಿನ ದುಡ್ಡು ಉಳಿಸಿ ಎನ್ನುವವರ ಗಾಡಿ ನಾನು ಮುಟ್ಟುವುದಿಲ್ಲ. ಆರ್‌ಟಿಒ ಅನುಮತಿಯಿಲ್ಲದೆ ಬಂದವರದ್ದೂ ಅಷ್ಟೇ. ಆರ್‌ಸಿಯಲ್ಲಿ ಒಂದು ಎಂಜಿನ್, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದಾಗ ವಿಮೆಗೆ ಅಲೆಯಬೇಕಾದೀತು.

ಮಕ್ಕಳೇ, ನಿಮ್ಮಲ್ಲಿ ಜೀಪಿನಲ್ಲಿ ಬರುವವರಿದ್ದೀರಿ. ಎಂಜಿನ್ ಬದಲಾಗಿದ್ದರೆ ಪಂಪ್ ಇದೆಯಾ ಎಂದು ಡ್ರೈವರಣ್ಣನನ್ನು ಕೇಳಿ. ಬೈದರೆ ನನ್ನ ಹೆಸರು ಹೇಳಿ.