ಸಣ್ಣ ವಿಮಾನದ ದೊಡ್ಡ ಲೆಕ್ಕ

(ಬೆಟಗೇರಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಬಂದಿದ್ದೀರಿ. ನಿಮ್ಮ ಮುಂದೆ ವಿಮಾನದ ಮಾತೇಕೆ ಎಂದು ಕೆಲವರಿಗೆ ಅನಿಸೀತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ರೈಲೇ ಬಂದಿಲ್ಲ, ವಿಮಾನ ಎಲ್ಲಿಯದು? ಆದರೆ ನಾವು ಹತ್ತದ ವಿಮಾನಕ್ಕೂ ನಮ್ಮ ರೊಕ್ಕ ಹೋಗುತ್ತಿದೆ. ರೊಕ್ಕ ಕೊಟ್ಟವರು ಲೆಕ್ಕ ಕೇಳಬೇಕು.

ವಿಮಾನವೆಂದರೆ ಶ್ರೀಮಂತರ ಸೊತ್ತೆಂದು ಮೂಗು ಮುರಿಯುವುದು ಬೇಡ. ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ತನ್ನ ಅಗ್ಗದ ಹಾರಾಟ ಆರಂಭಿಸಿದ್ದು ಬೆಂಗಳೂರು ಮತ್ತು ನಮ್ಮ ಪಕ್ಕದ ಹುಬ್ಬಳ್ಳಿಯ ನಡುವೆ. ಅದು 48 ಆಸನಗಳ ಎಟಿಆರ್ ವಿಮಾನ. ರಾತ್ರಿಯಿಡೀ ಕೂತು ಹೋಗುವ ದಾರಿ ಸುಮಾರು ಒಂದು ತಾಸಿನದಾಯಿತು. ರೋಗಿಗೆ, ವ್ಯಾಪಾರಸ್ಥನಿಗೆ ಅದು ಸಣ್ಣ ಸವಲತ್ತಲ್ಲ.

ಎಟಿಆರ್ ಟರ್ಬೊಪ್ರಾಪ್ ಜಾತಿಯದು. ಇದರ ಯಂತ್ರ ಮುಂದಿನ ದೊಡ್ಡ ಪಂಖವನ್ನು ತಿರುಗಿಸುತ್ತದೆ. ಜೆಟ್ಟಿನಷ್ಟು ವೇಗವಿಲ್ಲ, ಆದರೆ ಹತ್ತಿರದ ದಾರಿಗೆ ಎಣ್ಣೆ ಕಡಿಮೆ ಸಾಕು, ಗಿಡ್ಡ ಓಡುದಾರಿಯೂ ಸಾಕು. 80ಕ್ಕಿಂತ ಕಡಿಮೆ ಆಸನದ ಇಂಥ ವಿಮಾನಕ್ಕೆ ಸರಕಾರಿ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕದ ಮಾಫಿಯೂ ಉಂಟು. ಸಣ್ಣ ಊರಿಗೆ ಒಪ್ಪುವ ಗಾಡಿ ಇದೇ.

ಹಾಗಾದರೆ ಈ ಧಂದೆ ಏಕೆ ಕುಸಿಯುತ್ತದೆ? ವ್ಯಾಪಾರಸ್ಥರಿಗೆ ಇದು ಬೇಗ ತಿಳಿಯುತ್ತದೆ. ಸಂಜೆಗೆ ಉಳಿದ ಬಾಳೆಹಣ್ಣು ಮರುದಿನ ಅರ್ಧ ದರಕ್ಕಾದರೂ ಹೋದೀತು. ಹಾರಿಹೋದ ವಿಮಾನದ ಖಾಲಿ ಆಸನ ಯಾವ ದರಕ್ಕೂ ಹೋಗದು. ವಿಮಾನದ ಬಾಡಿಗೆ, ಬಿಡಿಭಾಗದ ಬೆಲೆ ಡಾಲರಿನಲ್ಲಿ. ಗಿರಾಕಿ ಕೊಡುವುದು ರೂಪಾಯಿ. ನಾಲ್ಕೈದು ವಿಮಾನದ ಕಂಪನಿಯಲ್ಲಿ ಒಂದು ಕೆಟ್ಟು ನಿಂತರೆ ಹಲವು ಊರುಗಳ ಸೇವೆಯೇ ನಿಂತಿತು. ಏರ್ ಡೆಕ್ಕನ್ನಿಗೂ ನಷ್ಟ ಹೊರಲಾಗಲಿಲ್ಲ. 2007ರಲ್ಲಿ ಅದು ಕಿಂಗ್‌ಫಿಷರ್ ಒಡೆಯರ ಕೈಸೇರಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೂ ನೆಲ ಹಿಡಿಯಿತು. ಆಗ ತಿಂಗಳುಗಟ್ಟಲೆ ಪಗಾರವಿಲ್ಲದೆ ಬೀದಿಗಿಳಿದವರು ಅಲ್ಲಿಯ ನೌಕರರು. ಬೀಗಮುದ್ರೆ ಕಂಡ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆ ಸಾರಿತು. ಸುಮಾರು ಒಂದು ತಾಸಿನ ಹಾರಾಟಕ್ಕೆ ಅರ್ಧದಷ್ಟು ಆಸನಗಳ ದರ 2,500 ರೂಪಾಯಿಯ ಮಿತಿಯಲ್ಲಿರಬೇಕು. ಕೊರತೆಯನ್ನು ಮೂರು ವರ್ಷ ತುಂಬಿಕೊಡಲಾಗುವುದು ಎಂದಿತು. ಆ ಹಣದಲ್ಲಿ ನಮ್ಮ ರಾಜ್ಯದ ಪಾಲು ನೂರಕ್ಕೆ 20. ರಾಜ್ಯದ ಬೊಕ್ಕಸದಲ್ಲಿ ನೀವು ಕೊಂಡ ಸಾಬೂನಿನ ತೆರಿಗೆಯೂ ಇದೆ.

ಫಲವೇನಾಯಿತು? ಮಹಾಲೇಖಪಾಲರ 2023ರ ವರದಿ ಹೇಳುತ್ತದೆ: ಯೋಜನೆಯ ಮೂರನೆಯ ಹಂತದವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯದ ಅವಧಿ ಮುಗಿದ ಮೇಲೂ 2023ರ ಮಾರ್ಚಿನಲ್ಲಿ ನಡೆಯುತ್ತಿದ್ದುದು ಬರೇ 54. ನಮ್ಮ ಮಗ್ಗುಲಿನ ಉದಾಹರಣೆ ನೋಡಿರಿ. ಟ್ರೂಜೆಟ್ ಕಂಪನಿಯ ಎಟಿಆರ್ 2017ರ ಸೆಪ್ಟೆಂಬರಿನಲ್ಲಿ ತೋರಣಗಲ್ಲಿನ ವಿದ್ಯಾನಗರಕ್ಕೆ, 2020ರ ಫೆಬ್ರುವರಿಯಲ್ಲಿ ಬೀದರಿಗೆ ಬಂದಿತು. 2022ರ ಫೆಬ್ರುವರಿಯಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು.

ಕಂಪನಿ ವಿಮಾನವನ್ನು ಬೇರೆ ಕಡೆಗೆ ಹಾರಿಸಿಕೊಂಡು ಹೋದೀತು. ಜನರ ಹಣದಿಂದ ಕಟ್ಟಿದ ನಿಲ್ದಾಣ ಎಲ್ಲಿಗೂ ಹೋಗದು. ಶಿವಮೊಗ್ಗೆಯಲ್ಲಿ 2023ರಲ್ಲಿ ತೆರೆದ ನಿಲ್ದಾಣಕ್ಕೆ ತಗಲಿದ್ದು ಸುಮಾರು 450 ಕೋಟಿ ರೂಪಾಯಿ. ಅಲ್ಲಿಗೂ ಮೊದಲು ಬಂದದ್ದು ಬೆಂಗಳೂರಿನ ಎಟಿಆರ್. ಅದು ನಿಲ್ಲದೆ ನಡೆಯಲೆಂದೇ ನಮ್ಮ ಹಾರೈಕೆ. ಆದರೆ ಹಾರೈಕೆ ಕರಾರಾಗದು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮಾರ್ಗ ಹಂಚುವ ಮೊದಲು ಎಷ್ಟು ಜನ ನಿಜವಾಗಿ ಹೋಗಿಬರುತ್ತಾರೆಂದು ಎಣಿಸಬೇಕು. ಪ್ರತಿ ಮಾರ್ಗಕ್ಕೆ ಕೊಟ್ಟ ಸಹಾಯಧನದ ಲೆಕ್ಕ ಕನ್ನಡದಲ್ಲಿ ಜನರ ಮುಂದೆ ಬರಬೇಕು. ನಡುದಾರಿಯಲ್ಲಿ ಬಿಟ್ಟುಹೋದ ಕಂಪನಿಯಿಂದ ಒಂದು ಪಾಲು ವಸೂಲಾಗಬೇಕು. ನೌಕರರ ಪಗಾರ ಮೊದಲ ಸಾಲವಾಗಬೇಕು. ಕೊನೆಯದಾಗಿ, ವಿಮಾನದ ಕೊರತೆ ತುಂಬುವ ಸರಕಾರ ಮುಂಡರಗಿಯ ಬಸ್ಸಿಗೆ, ಲಕ್ಷ್ಮೇಶ್ವರದ ರೈಲಿಗೆ ಲಾಭ ನಷ್ಟದ ಮಾತೆತ್ತಬಾರದು. ಅಳೆಯುವ ಸೇರು ಎಲ್ಲರಿಗೂ ಒಂದೇ ಇರಲಿ.

1905ರಲ್ಲಿ ನಮ್ಮ ಕಣಗಿನಹಾಳದ ರೈತರು ದೇಶಕ್ಕೆ ಸಹಕಾರಿ ಸಂಘದ ದಾರಿ ತೋರಿಸಿದರು. ಕೂಡಿ ಹಾಕಿದ ಹಣಕ್ಕೆ ಕೂಡಿಯೇ ಲೆಕ್ಕ ನೋಡುವುದು ಅವರು ಕಲಿಸಿದ ಪಾಠ. ಆ ಪಾಠ ಬ್ಯಾಂಕಿಗೂ ಸರಿ, ವಿಮಾನಕ್ಕೂ ಸರಿ. ಲೆಕ್ಕ ಕೇಳುವುದಕ್ಕೆ ಟಿಕೀಟು ಬೇಕಿಲ್ಲ.