ಜಾಗ ಬಿಟ್ಟು ಕೂರುವ ಲೆಕ್ಕ



ಗದಗ, ಕೊಪ್ಪಳದ ಕಡೆ ಓಡಾಡಿದವರು ಸೂರ್ಯಕಾಂತಿ ಹೊಲಗಳನ್ನು ನೋಡಿಯೇ ಇರುತ್ತೀರಿ. ದೂರದಿಂದ ಚೆಂದ, ಫೋಟೊ ತೆಗೆಸಿಕೊಳ್ಳುವವರಿಗೂ ಚೆಂದ. ಆದರೆ ಬಲಿತ ಹೂವೊಂದನ್ನು ಕಣ್ಣ ಹತ್ತಿರ ಹಿಡಿದು ನೋಡಬೇಕು. ಬೀಜಗಳು ಸಾಲಾಗಿ ಕೂತಿರುವುದಿಲ್ಲ, ಸುರುಳಿ ಸುರುಳಿಯಾಗಿ ಕೂತಿರುತ್ತವೆ. ಕೆಲವು ಸುರುಳಿ ಬಲಕ್ಕೆ ತಿರುಗಿದರೆ ಕೆಲವು ಎಡಕ್ಕೆ. ಅಂಚಿನಲ್ಲಿ ಬೆರಳಿಟ್ಟು ಎಣಿಸಿದರೆ ಸಾಮಾನ್ಯವಾಗಿ ಒಂದು ಕಡೆಗೆ 34 ಬರುತ್ತದೆ, ಇನ್ನೊಂದು ಕಡೆಗೆ 55. ಹೂವು ಇನ್ನೂ ದೊಡ್ಡದಾಗಿದ್ದರೆ 55 ಮತ್ತು 89.

ಈ ಸಂಖ್ಯೆಗಳು ಎಲ್ಲಿಂದಲೋ ಹಾರಿ ಬಂದವಲ್ಲ. 1, 2, 3, 5, 8, 13, 21, 34, 55, 89: ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಸಾಲು ಇದು. ಶಾಲೆಯಲ್ಲಿ ಛಂದಸ್ಸಿನ ಪ್ರಸ್ತಾರ ಹಾಕಿದ ನೆನಪು ಇದ್ದರೆ ನೀವೇ ಇದನ್ನು ಪರೀಕ್ಷಿಸಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಐದು ಬಗೆಯಲ್ಲಿ ಕಟ್ಟಬಹುದು. ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿ, ಆರು ಮಾತ್ರೆಯದನ್ನು ಹದಿಮೂರು ಬಗೆಯಲ್ಲಿ. ನಮ್ಮ ಛಂದಸ್ಸಿನ ಪಂಡಿತರಾದ ವಿರಹಾಂಕ, ಆಮೇಲೆ 1150ರ ಸುಮಾರಿಗೆ ಹೇಮಚಂದ್ರ, ಈ ಲೆಕ್ಕವನ್ನು ಹೇಳಿದ್ದರು. ಇಟಲಿಯ ಫಿಬೊನಾಚಿ ಇದೇ ಸಾಲನ್ನು ಮೊಲಗಳ ಲೆಕ್ಕವಾಗಿ ಬರೆದದ್ದು 1202ರಲ್ಲಿ. ಹೆಸರು ಅವನದೇ ಉಳಿಯಿತು, ಇರಲಿ.

ಹೂವಿಗೆ ಈ ಲೆಕ್ಕ ಹೇಗೆ ಗೊತ್ತು? ಗೊತ್ತಿಲ್ಲ. ಅದೇ ಇದರ ಸ್ವಾರಸ್ಯ. ಖಾಲಿ ಬಸ್ಸು ಹತ್ತಿದವರು ಹೇಗೆ ಕೂರುತ್ತಾರೆ ನೋಡಿ: ಎರಡನೆಯವನು ಮೊದಲನೆಯವನಿಂದ ದೂರ, ಮೂರನೆಯವನು ಆ ಇಬ್ಬರಿಂದಲೂ ದೂರ. ಹೂವಿನಲ್ಲಿ ಹುಟ್ಟುವ ಮೊಗ್ಗಿನ ಚುಕ್ಕಿಗಳೂ ಅಷ್ಟೇ. ಈಗಾಗಲೇ ಕೂತವು ಬಿಟ್ಟ ಜಾಗದಲ್ಲಿ, ಎಲ್ಲಿ ಹೆಚ್ಚು ತೆರವಿದೆಯೋ ಅಲ್ಲಿ ಹೊಸದು ಹುಟ್ಟುತ್ತದೆ. ಹಾಗೆ ಹುಟ್ಟುತ್ತ ಹೋದರೆ ಒಂದಕ್ಕೂ ಅದರ ಮುಂದಿನದಕ್ಕೂ ನಡುವಿನ ಕೋನ ಸುಮಾರು 137.5 ಡಿಗ್ರಿಗೆ ಬಂದು ನಿಲ್ಲುತ್ತದೆ. ಸುರುಳಿಗಳು ತಾವಾಗಿಯೇ ಮೂಡುತ್ತವೆ. 1992ರಲ್ಲಿ ದುವಾದಿ ಮತ್ತು ಕೂಡೆ ಎಂಬ ಫ್ರಾನ್ಸಿನ ಇಬ್ಬರು ಭೌತವಿಜ್ಞಾನಿಗಳು ಇದನ್ನು ಗಿಡವೇ ಇಲ್ಲದೆ ಮಾಡಿ ತೋರಿಸಿದರು. ಎಣ್ಣೆ ತುಂಬಿದ ತಟ್ಟೆಯ ನಡುವೆ ಕಾಂತಗುಣದ ದ್ರವದ ಹನಿಗಳನ್ನು ಒಂದೊಂದಾಗಿ ಬೀಳಿಸಿದರು. ಹನಿಗಳು ಒಂದನ್ನೊಂದು ದೂಡುತ್ತ ಅಂಚಿನ ಕಡೆಗೆ ಸರಿದವು. ಹನಿ ಬೀಳುವ ವೇಗವನ್ನು ಹದಕ್ಕೆ ತಂದಾಗ ತಟ್ಟೆಯಲ್ಲಿ ಸೂರ್ಯಕಾಂತಿಯ ಸುರುಳಿಗಳೇ ಕಂಡವು.

ಇದನ್ನು ಕೇಳಿದರೆ ಕೆಲವರಿಗೆ ನಿರಾಸೆಯಾಗಬಹುದು. ದೇವರು ಕೈವಾರ ಹಿಡಿದು ಬರೆದ ಚಿತ್ರ ಅಂದುಕೊಂಡಿದ್ದೆವು, ಇದು ಬರೀ ನೂಕುನುಗ್ಗಲಿನ ಫಲವೇ? ನನಗೆ ಹಾಗನಿಸುವುದಿಲ್ಲ. ಒಂದು ಬೀಜಕ್ಕೂ ಇಡೀ ಹೂವಿನ ನಕ್ಷೆ ಗೊತ್ತಿಲ್ಲ. ಅದು ಮಾಡುವುದು ಒಂದೇ ಕೆಲಸ, ಪಕ್ಕದವರಿಗೆ ಎಡೆ ಬಿಟ್ಟು ತನ್ನ ಜಾಗ ಹಿಡಿಯುವುದು. ಅಷ್ಟರಿಂದ ಅಂಥ ಚೆಲುವು ಬರುತ್ತದೆ ಎನ್ನುವುದು ಸಣ್ಣ ಸಂಗತಿಯೇ? ಹಾಗೆಂದು ಹೂವಿಗೆ ಇದರಲ್ಲಿ ಪುಣ್ಯವೇನೂ ಇಲ್ಲ. ಅದರೊಳಗಿನ ಆಕ್ಸಿನ್ ಎಂಬ ರಾಸಾಯನಿಕ ಮಾಡಿಸಿದ್ದನ್ನು ಅದು ಮಾಡುತ್ತದೆ. ಅದಕ್ಕೆ ಬೇರೆ ದಾರಿ ಇಲ್ಲ. ನಮಗೆ ಇದೆ. ಸಾಧನೆ, ಸಂಯಮ ಎಂದು ಹಿರಿಯರು ಕರೆದದ್ದು ಶುರುವಾಗುವುದು ಅಲ್ಲಿಂದಲೇ ಇರಬೇಕು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಈ ಫಿಬೊನಾಚಿ ಸಾಲಿನ ಹೆಸರು ಹೇಳಿ ಪವಿತ್ರ ಆಕಾರ, ಸುವರ್ಣ ಅನುಪಾತ ಎಂದು ಮೊಬೈಲಿನಲ್ಲಿ ಹರಿದಾಡುವುದೆಲ್ಲ ನಿಜವಲ್ಲ. ನಾಟಿಲಸ್ ಎಂಬ ಸಮುದ್ರಜೀವಿಯ ಚಿಪ್ಪಿನ ಚಿತ್ರ ಹಾಕಿ ಇದೇ ಸುವರ್ಣ ಸುರುಳಿ ಅನ್ನುತ್ತಾರೆ. ಸುವರ್ಣ ಸುರುಳಿ ಒಂದು ಸುತ್ತಿಗೆ ಸುಮಾರು ಏಳು ಪಟ್ಟು ಹಿಗ್ಗಬೇಕು, ಆ ಚಿಪ್ಪು ಹಿಗ್ಗುವುದು ಸುಮಾರು ಮೂರು ಪಟ್ಟು. ಅಳತೆಗೋಲು ಹಿಡಿದರೆ ಸಾಕು, ಗೊತ್ತಾಗುತ್ತದೆ. ಚಿಪ್ಪು ತನ್ನಷ್ಟಕ್ಕೆ ಸುಂದರವಾಗಿಯೇ ಇದೆ. ಸುಳ್ಳು ಲೆಕ್ಕ ಕೊಟ್ಟು ಅದನ್ನು ದೊಡ್ಡದು ಮಾಡುವ ಅಗತ್ಯವಿಲ್ಲ. ತಾಮ್ರದ ತಗಡಿನ ಮೇಲೆ ತ್ರಿಕೋನ ಕೊರೆದು, ಇದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟರೆ ವ್ಯಾಪಾರ ಕುದುರುತ್ತದೆ ಎಂದು ಮಾರುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ವ್ಯಾಪಾರ ಕುದುರುವುದು ಅವರದು.

ಮನುಷ್ಯ ಬೇಕೆಂದೇ ಹಿಡಿದ ಲೆಕ್ಕ ನೋಡಬೇಕಾದರೆ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿ ಇದೆ. ನಕ್ಷತ್ರದ ಆಕಾರವೆಂದರೆ ನಮಗೆ ಹೊಯ್ಸಳರ ನೆನಪಾಗುತ್ತದೆ. ಸೋಮನಾಥಪುರದ ಗರ್ಭಗುಡಿಗಳಿಗೆ ಹೊರಗೆ 16 ಮೂಲೆ. ಡಂಬಳದ್ದಕ್ಕೆ 24. ಗೋಡೆಯ ಸುತ್ತ ನಡೆದರೆ ಮೂಲೆಯಾದ ಮೇಲೆ ಮೂಲೆ ಬರುತ್ತಲೇ ಇರುತ್ತದೆ. ಒಂದು ಬಿಸಿಲಿನಲ್ಲಿ, ಅದರ ಪಕ್ಕದ ಸಂದು ನೆರಳಿನಲ್ಲಿ. ಮೇಲೆ ಶಿಖರದಲ್ಲೂ ಅದೇ ಮೂಲೆಗಳು ಅಂತಸ್ತು ಅಂತಸ್ತಾಗಿ ಏರುತ್ತವೆ. ನೋಡುವುದಕ್ಕೆ ಬಹಳ ತೊಡಕಿನದು. ಲೆಕ್ಕ ಮಾತ್ರ ಸರಳ: ಒಂದು ಚೌಕ ಬರೆಯಿರಿ. ಅದರ ನಡುವನ್ನು ಕದಲಿಸದೆ 15 ಡಿಗ್ರಿ ತಿರುಗಿಸಿ ಇನ್ನೊಂದು ಬರೆಯಿರಿ, ಮತ್ತೆ 15 ಡಿಗ್ರಿ, ಮತ್ತೊಂದು. ಆರು ಚೌಕಕ್ಕೆ 24 ಮೂಲೆ.

ಹಳೆಯ ಶಿಲ್ಪಶಾಸ್ತ್ರದ ಪ್ರಕಾರ ಗುಡಿಯ ಕೆಲಸ ತೊಡಗುವುದು ನೆಲದಲ್ಲಿ ನಿಲ್ಲಿಸಿದ ಒಂದು ಶಂಕುವಿನಿಂದ, ಅಂದರೆ ಗೂಟದಿಂದ. ಅದರ ಸುತ್ತ ಹಗ್ಗದಿಂದ ವೃತ್ತ ಎಳೆಯುತ್ತಾರೆ. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು, ಇಳಿಹೊತ್ತಿನಲ್ಲಿ ಮುಟ್ಟಿದ ಕಡೆ ಇನ್ನೊಂದು. ಎರಡನ್ನೂ ಕೂಡಿಸಿದರೆ ಪೂರ್ವ ಪಶ್ಚಿಮದ ಗೆರೆ. ಒಂದು ಹಗಲು ಪೂರ್ತಿ ಕಾಯಬೇಕು, ಮೋಡ ಮುಸುಕಿದರೆ ಮಾರನೆಯ ದಿನ. ಇಂಥ ಒಂದು ನಡುವಿನ ಸುತ್ತ ನಿಂತ ಡಂಬಳದ ಆರು ಚೌಕಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ದೊಡ್ಡದಲ್ಲ, ಯಾವುದೂ ಮೊದಲನೆಯದಲ್ಲ. ಯಾವುದಾದರೂ ಒಂದು ಚೌಕ ನಡುವನ್ನು ನಾಲ್ಕು ಬೆರಳಿನಷ್ಟು ತನ್ನ ಕಡೆಗೆ ಎಳೆದುಕೊಂಡರೂ ಸಾಕು, ಒಂದು ಮಗ್ಗುಲಲ್ಲಿ ಮೂಲೆಗಳು ಮುಂದೆ ಚಾಚಿ, ಎದುರು ಮಗ್ಗುಲಲ್ಲಿ ಒಳಗೆ ಸರಿದು, ನಕ್ಷತ್ರ ಸೊಟ್ಟಗಾಗುತ್ತದೆ. ಆರಕ್ಕೂ ನಡು ಒಂದೇ, ಆ ನಡು ಆರರಲ್ಲಿ ಯಾರ ಸ್ವತ್ತೂ ಅಲ್ಲ. ನಮ್ಮ ಸಭೆಗಳಲ್ಲಿ, ಸಂಘಗಳಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಕೆಡುವುದು ಬಹುಪಾಲು ಇಲ್ಲಿಯೇ. ಮೂಲೆಗಳ ಬಗ್ಗೆ ಯಾರದೂ ತಕರಾರಿಲ್ಲ, ಎಲ್ಲರಿಗೂ ನಡುವೇ ಬೇಕು.

ಡಂಬಳ ದೂರವಾದರೆ ಅಂಗಳದಲ್ಲೇ ಒಂದು ಪ್ರಯೋಗವಿದೆ. ಈಗ ಈ ಮಾತು ಕೇಳುತ್ತ ಬಾಗಿಲಿಗೆ ನೀರು ಹಾಕುತ್ತಿರುವವರು ಇದ್ದೀರಿ, ನಿಮಗೇ ಹೇಳುತ್ತೇನೆ. ನಾಲ್ಕು ಚುಕ್ಕಿಯ ನಾಲ್ಕು ಸಾಲು ಇಡಿ. ಯಾವ ಚುಕ್ಕಿಯನ್ನೂ ಮುಟ್ಟದೆ, ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಎಳೆಗಳು ಒಮ್ಮೆ ಅಡ್ಡಹಾಯುವಂತೆ, ಅಂಚಿಗೆ ಬಂದಾಗ ಚುಕ್ಕಿಯನ್ನು ಬಳಸಿ ಹಿಂತಿರುಗುವಂತೆ ಎಳೆಯುತ್ತ ಹೋಗಿ. ಎಳೆ ಬೇಗ ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ, ಎಷ್ಟೋ ಚುಕ್ಕಿಗಳು ಹಾಗೇ ಉಳಿಯುತ್ತವೆ. ರಂಗೋಲಿ ಮುಗಿಯಬೇಕಾದರೆ ನಾಲ್ಕು ಬೇರೆ ಬೇರೆ ಎಳೆ ಬೇಕು. ಈಗ ಚುಕ್ಕಿಗಳ ಒಂದೇ ಒಂದು ಸಾಲು ಹೆಚ್ಚಿಗೆ ಇಟ್ಟು ನಾಲ್ಕಕ್ಕೆ ಐದು ಮಾಡಿ. ಕೈ ಎತ್ತದೆ ಒಂದೇ ಎಳೆ ಇಪ್ಪತ್ತೂ ಚುಕ್ಕಿಗಳನ್ನು ಸುತ್ತಿ ಬರುತ್ತದೆ. ಎರಡು ಸಂಖ್ಯೆಗಳ ಮ.ಸಾ.ಅ., ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಎಷ್ಟೋ ಅಷ್ಟು ಎಳೆ ಎಂಬುದು ಗಣಿತದವರ ಸೂತ್ರ. ಮದರಾಸಿನ ವಿದ್ವಾಂಸರು 1970ರ ದಶಕದಲ್ಲೇ ತಮಿಳರ ರಂಗೋಲಿಯಾದ ಕೋಲಂಗೆ ಕಂಪ್ಯೂಟರ್ ಭಾಷೆಗಳಿಗಿರುವಂಥ ವ್ಯಾಕರಣ ಬರೆದರು. ಬಾಗಿಲ ಮುಂದೆ ಬಗ್ಗಿ ಕೂತವರು ಸೂತ್ರದ ಗೊಡವೆ ಇಲ್ಲದೆ, ಎಷ್ಟು ಚುಕ್ಕಿಗೆ ಎಳೆ ಕೂಡುತ್ತದೆ ಎಂಬುದನ್ನು ಕೈಯಲ್ಲೇ ಕಲಿತಿದ್ದರು.

ನಾಲ್ಕಕ್ಕೆ ನಾಲ್ಕು ಇಟ್ಟರೂ ತಪ್ಪೇನಿಲ್ಲ, ನಾಲ್ಕಕ್ಕೆ ಐದು ಇಟ್ಟರೂ ಸರಿಯೇ. ಮನೆಯಲ್ಲಿ ಮಕ್ಕಳಿದ್ದರೆ ಎರಡನ್ನೂ ಹಾಕಿಸಿ ನೋಡಿ, ಎಳೆ ಯಾಕೆ ಕೂಡಲಿಲ್ಲ ಎಂದು ಅವರೇ ಕೇಳುತ್ತಾರೆ.