ಸಹಜ ವೈನ್ ಮತ್ತು ಮೈಲುತುತ್ತದ ಲೆಕ್ಕ



ವೈನ್ ನಮ್ಮ ಮನೆಯ ಪಾನೀಯವಲ್ಲ. ಆದರೂ ಉತ್ತರ ಇಟಲಿಯ ಪರ್ವತ ಪ್ರಾಂತವಾದ ತ್ರೆಂತೀನೋದ ಒಬ್ಬ ದ್ರಾಕ್ಷಿ ಬೆಳೆಗಾರ್ತಿಯ ಕೆಲಸವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಅಲ್ಲಿನ ದ್ರಾಕ್ಷಿಯ ಸಮಸ್ಯೆಗೂ ನಮ್ಮ ಅಡಿಕೆಯ ಸಮಸ್ಯೆಗೂ ಹತ್ತಿರದ ನಂಟಿದೆ.

1984ರಲ್ಲಿ ಎಲಿಸಬೆತ್ತಾ ಫೊರಾದೊರಿ ಮನೆತನದ ತೋಟದ ಹೊಣೆ ಹೊತ್ತಾಗ ಅವರ ವಯಸ್ಸು ಇಪ್ಪತ್ತರ ಆಸುಪಾಸು. ತಂದೆ ಹಿಂದೆಯೇ ತೀರಿಕೊಂಡಿದ್ದರು. ಕೃಷಿ ವಿದ್ಯಾಭ್ಯಾಸ ಆಗಷ್ಟೇ ಮುಗಿದಿತ್ತು. ಡೊಲೊಮೈಟ್ ಪರ್ವತಗಳ ಬುಡದಲ್ಲಿ, ನೋಚೆ ನದಿ ತಂದು ಹರಡಿದ ಜಲ್ಲಿಕಲ್ಲಿನ ನೆಲದಲ್ಲಿ ತೆರೋಲ್ದೆಗೋ ಎಂಬ ಸ್ಥಳೀಯ ಕಪ್ಪು ದ್ರಾಕ್ಷಿ ಬೆಳೆಯುತ್ತದೆ. ಹೆಚ್ಚು ಇಳುವರಿಗೆಂದು ಆಯ್ದ ಬಳ್ಳಿಗಳೇ ಹಬ್ಬಿ, ಆ ತಳಿಯೊಳಗಿನ ವೈವಿಧ್ಯ ಕುಗ್ಗುತ್ತಿತ್ತು. ಫೊರಾದೊರಿಯವರು ಹಳೆಯ ತೋಟಗಳನ್ನು ಹುಡುಕಿ, ಬೇರೆ ಬೇರೆ ತಾಯಿಬಳ್ಳಿಗಳಿಂದ ಕಡ್ಡಿ ಆಯ್ದು ಬೆಳೆಸಿದರು. 2002ರಲ್ಲಿ ರಾಸಾಯನಿಕಗಳನ್ನು ತೊರೆದು ಜೈವಿಕ ಚೈತನ್ಯ ಕೃಷಿಗೆ ಹೊರಳಿದರು. ಇಂದು ಅಲ್ಲಿ ರಸ ಹುದುಗುವುದು ತೋಟದಿಂದಲೇ ಬಂದ ಯೀಸ್ಟಿನಿಂದ. ಕೆಲವು ವೈನುಗಳು ಸಿಪ್ಪೆಯ ಸಮೇತ ಮಣ್ಣಿನ ಹಂಡೆಗಳಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಹೊರಗಿನಿಂದ ಏನನ್ನೂ ಬೆರೆಸದಿರಬೇಕಾದರೆ ಹಣ್ಣೇ ಆರೋಗ್ಯವಾಗಿರಬೇಕು. ಆದ್ದರಿಂದ ಸಹಜ ವೈನಿನ ಮುಕ್ಕಾಲು ಕೆಲಸ ತೋಟದಲ್ಲೇ ನಡೆಯುತ್ತದೆ.

ಆದರೆ ಸಾವಯವವೆಂದ ಮಾತ್ರಕ್ಕೆ ನೆಲಕ್ಕೆ ಹೊರೆಯೇ ಇಲ್ಲವೆಂದು ಭಾವಿಸಬಾರದು. ಅಮೆರಿಕದಿಂದ ಬಂದು 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಬೂಜು ತುಪ್ಪಟ ರೋಗಕ್ಕೆ 1885ರಲ್ಲಿ ದೊರೆತ ಮದ್ದೇ ಬೋರ್ಡೋ ದ್ರಾವಣ. ಅದನ್ನೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಈ ಎರಡೂ ರೋಗಗಳ ಕಾರಕಗಳು ಒಂದೇ ವರ್ಗದವು. ಸಾವಯವ ದ್ರಾಕ್ಷಿಗೂ ತಾಮ್ರ ಇಂದಿಗೂ ಅನಿವಾರ್ಯ. ತಾಮ್ರವು ಕೊಳೆಯುವುದಿಲ್ಲ, ಮಣ್ಣಿನಲ್ಲಿ ಸಂಗ್ರಹವಾಗುತ್ತ ಎರೆಹುಳುವಿಗೆ ಕಂಟಕವಾಗುತ್ತದೆ. ಅದಕ್ಕೆಂದೇ ಯೂರೋಪಿನ ಒಕ್ಕೂಟವು 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರವೆಂಬ ಮಿತಿ ಹಾಕಿದೆ.

ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಆ ಮಿತಿಯನ್ನು ನಮ್ಮ ಅಳತೆಗೆ ತಂದರೆ ಎಕರೆಗೆ ವರ್ಷಕ್ಕೆ ಆರು ಕಿಲೋಕ್ಕಿಂತ ತುಸು ಹೆಚ್ಚು ಮೈಲುತುತ್ತವಾಗುತ್ತದೆ. ಮಳೆಗಾಲದಲ್ಲಿ ನಾವು ಎರಡು, ಮೂರು ಸಲ ಹೊಡೆಯುವ ಔಷಧಿಯ ಲೆಕ್ಕವನ್ನು ಪ್ರತಿ ಮನೆಯಲ್ಲೂ ಬರೆದಿಟ್ಟವರೆಷ್ಟು ಮಂದಿ?

ಔಷಧಿ ನಿಲ್ಲಿಸಿರೆಂದು ನಾನು ಹೇಳಲಾರೆ. ಕೊಳೆ ಬಂದರೆ ವರ್ಷದ ಅನ್ನವೇ ಹೋಗುತ್ತದೆ. ಲೆಕ್ಕವಿಡಿ, ಮಣ್ಣು ಪರೀಕ್ಷೆಯಲ್ಲಿ ತಾಮ್ರವನ್ನೂ ನೋಡಿಸಿ, ಬಸಿಗಾಲುವೆ ಸರಿಯಿಡಿ. ಬೀಜದಡಿಕೆಯನ್ನು ಒಂದೇ ಮರದಿಂದಲ್ಲ, ರೋಗದ ವರ್ಷಗಳಲ್ಲೂ ಗೊನೆ ಉಳಿಸಿಕೊಂಡ ಹಲವು ಹಳೆಯ ಮರಗಳಿಂದ ಆಯ್ದುಕೊಳ್ಳಿ. ಆ ಮರಗಳು ಎಲ್ಲಿವೆಯೆಂದು ಊರಿನ ಹಿರಿಯರಿಗೆ ಗೊತ್ತು. ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ಅವರೊಡನೆ ತೋಟ ಸುತ್ತಿ ಅವನ್ನು ಗುರುತುಮಾಡಿಕೊಳ್ಳಲಿ.